ಲಾರಿ ಬಾಡಿಗೆ ಎಲ್ಲಮ್ಮಾ?

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಚಿಕ್ಕಪ್ಪಂದು ಒಂದು ಸಣ್ಣ ಟೊಮೆಟೊ ಮಂಡಿ ಇದೆ. ಸೀಸನ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 15 ಕೆಜಿ ಬಾಕ್ಸುಗಳು ಆಳೆತ್ತರಕ್ಕೆ ನಿಂತಿರುತ್ತವೆ. ನಡುವೆ ಹರಾಜು ಕೂಗುವವರು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಕೂಗುತ್ತಾ ಓಡಾಡುತ್ತಿರುತ್ತಾರೆ. ದರದ ಮಾತು ಕೇಳಲೇಬೇಡಿ. 2023ರ ಜುಲೈನಲ್ಲಿ ಇದೇ ಬಾಕ್ಸು ಎರಡು ಸಾವಿರ ದಾಟಿತ್ತು. ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋದ ದಿನಗಳನ್ನೂ ನೋಡಿದ್ದೇನೆ.

ರೈತರಿಗೆ ಕೊಡುವ ಪಟ್ಟಿಯನ್ನು ಚಿಕ್ಕಪ್ಪ ಇವತ್ತಿಗೂ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೆಯುತ್ತಾರೆ. ಇಷ್ಟು ಬಾಕ್ಸು, ಇಷ್ಟು ದರ, ಇಷ್ಟು ಕಳೆದು ಕೈಗಿಷ್ಟು. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವವಳು. "ಅಷ್ಟು ಓದಿದ್ದೀಯ, ನಮಗೊಂದು ಪಟ್ಟಿ ಹಾಕೋ ಸಾಫ್ಟ್‌ವೇರ್ ಮಾಡ್ಕೊಡಮ್ಮ" ಎಂದು ವರ್ಷದಿಂದ ಹೇಳುತ್ತಿದ್ದರು. ಒಂದು ಶನಿವಾರ ಲ್ಯಾಪ್‌ಟಾಪ್ ತಗೊಂಡು ಮಂಡಿಗೇ ಹೋಗಿ ಕೂತೆ.

ಕೋಡ್ ದೊಡ್ಡದೇನಲ್ಲ. ಒಂದು ಕ್ಲಾಸು, ಅಂದರೆ ಸಂಬಂಧಪಟ್ಟ ಕೋಡೆಲ್ಲಾ ಒಟ್ಟಿಗಿರುವ ಒಂದು ಕಟ್ಟು. ಅದರೊಳಗಿನ ಒಂದೊಂದು ಕೆಲಸಕ್ಕೆ ಮೆಥಡ್ ಎನ್ನುತ್ತೇವೆ. ಹೊರಗಿನವರು ಕರೆಯುವ ಪಬ್ಲಿಕ್ ಮೆಥಡ್ ಒಂದೇ, ಪಟ್ಟಿಯ ಮೊತ್ತ ಕೊಡುವುದು. ಅದು ಒಳಗೆ ಎರಡು ಪ್ರೊಟೆಕ್ಟೆಡ್ (ಹೊರಗಿನವರು ಕರೆಯಲಾಗದ) ವರ್ಚುಯಲ್ (ಬೇಕಾದರೆ ಬದಲಿಸಿಕೊಳ್ಳಬಹುದಾದ) ಮೆಥಡ್‌ಗಳನ್ನು ಕರೆಯುತ್ತದೆ. ಗೆಟ್‌ರೇಟ್, ಆವತ್ತಿನ ಹರಾಜಿನ ದರವನ್ನು ಡೇಟಾಬೇಸಿನಿಂದ ತರುತ್ತದೆ. ಗೆಟ್‌ಡಿಡಕ್ಷನ್, ಲಾರಿ ಬಾಡಿಗೆ ಮತ್ತು ಹಮಾಲಿ ಎಷ್ಟು ಕಳೆಯಬೇಕು ಎಂದು ಹೇಳುತ್ತದೆ. ಟೆಸ್ಟ್ ಮಾಡುವಾಗ ಡೇಟಾಬೇಸ್ ಬೇಡ. ಹಾಗಾಗಿ ಗೆಟ್‌ರೇಟನ್ನು ಮಾಕ್ ಮಾಡಿ, ಅಂದರೆ ಅದರ ಜಾಗದಲ್ಲಿ ಒಂದು ನಕಲಿ ಇಟ್ಟು, 600 ರೂಪಾಯಿ ಕೊಡು ಎಂದು ಹೇಳಿದರಾಯಿತು, ಅಲ್ವಾ?

ನಾನು ಬಳಸಿದ್ದು ಮಾಕ್‌ ಲೈಬ್ರರಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಮೋಕ್. ಪ್ರೊಟೆಕ್ಟೆಡ್ ಮೆಥಡ್ ಹೊರಗಿನ ಟೆಸ್ಟ್ ಕ್ಲಾಸಿಗೆ ಕಾಣುವುದಿಲ್ಲ. ಅದಕ್ಕೇ ಮೋಕ್‌ನಲ್ಲಿ ಮೆಥಡ್ ಹೆಸರನ್ನು ಕೋಟ್ ಒಳಗೆ ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳಾಗಿ, ಬರೆಯುವುದು ರೂಢಿ. ಬರೆದು ಓಡಿಸಿದೆ. ನಲ್ (ಏನೂ ಇಲ್ಲದ ಖಾಲಿ ಬೆಲೆ) ಕೊಡಬೇಡ, ಇಟ್‌ಎಕ್ಸ್‌ಪ್ರ್ ಬಳಸು ಎಂದು ಎರರ್ ಬಂತು. ನಾನು ನಲ್ ಕೊಟ್ಟೇ ಇಲ್ಲವಲ್ಲ! ಹತ್ತು ನಿಮಿಷ ಪರದೆ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ಗೆಟ್‌ರೇಟ್ ಒಂದು ಸ್ಟ್ರಿಂಗ್ ಕೇಳುತ್ತದೆ. ಆ ಜಾಗದಲ್ಲಿ ಅಭ್ಯಾಸಬಲದಿಂದ ಇಟ್ ಡಾಟ್ ಇಸ್‌ಎನಿ, ಅಂದರೆ ಏನು ಬಂದರೂ ಸರಿ, ಎಂದು ಬರೆದಿದ್ದೆ. ಮಾಮೂಲಿ ಮಾಕ್‌ನಲ್ಲಿ ಅದು ನಡೆಯುತ್ತದೆ. ಇಲ್ಲಿ ಅದು ಸುಮ್ನೆ ಒಂದು ಸಾಧಾರಣ ಮೆಥಡ್ ಕರೆ, ಸ್ಟ್ರಿಂಗ್ ಕೇಳಿದರೆ ನಲ್ ವಾಪಸ್ ಕೊಡುತ್ತದೆ. ಮೋಕ್ ಕಂಡ ನಲ್ ಅದೇ. ಇಟ್ ಅನ್ನು ಇಟ್‌ಎಕ್ಸ್‌ಪ್ರ್ ಮಾಡಿದೆ, ಎರರ್ ಹೋಯಿತು.

40 ಬಾಕ್ಸು, 600ರ ದರ. ಉತ್ತರ 24,000 ಬಂತು. ಅದನ್ನೇ ಟೆಸ್ಟಿನಲ್ಲಿ ಸರಿ ಉತ್ತರ ಎಂದು ಬರೆದೆ. ಹಸಿರು ಟಿಕ್ ಬಿತ್ತು. ಹೌದು, ಬಂದ ಉತ್ತರವನ್ನೇ ಸರಿ ಉತ್ತರ ಎಂದು ನಕಲು ಹೊಡೆದೆ. ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆಯುವವರಾದರೂ ಇದಕ್ಕಿಂತ ಜಾಸ್ತಿ ಯೋಚನೆ ಮಾಡುತ್ತಾರೆ.

ಟೀ ಲೋಟ ಹಿಡಿದು ಬಂದ ಚಿಕ್ಕಪ್ಪನಿಗೆ ಹೆಮ್ಮೆಯಿಂದ ತೋರಿಸಿದೆ. ಕೋಡ್ ಅವರಿಗೆ ಅರ್ಥ ಆಗಲ್ಲ, ಆದರೆ ಅಂಕಿ ಆಗುತ್ತದೆ. ಕನ್ನಡಕ ಮೇಲೆತ್ತಿ ಬಗ್ಗಿ ನೋಡಿದರು.

"ನಲವತ್ತು ಬಾಕ್ಸು, ಆರುನೂರು. ಇಪ್ಪತ್ನಾಲ್ಕು ಸಾವಿರ ಸರಿ. ಲಾರಿ ಬಾಡಿಗೆ ಎಲ್ಲಮ್ಮಾ?"

"ಅದೂ ಇದೆ ಚಿಕ್ಕಪ್ಪ, ಒಳಗಡೆ ಕಳೆಯುತ್ತೆ."

"ಕಳೆದ್ರೆ ಇಪ್ಪತ್ನಾಲ್ಕೇ ಹೇಗೆ ಉಳಿಯುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗಿದ್ದು ಇಷ್ಟು. ಮೋಕ್ ನಮ್ಮ ಕ್ಲಾಸಿಗೆ ಪ್ರೋಗ್ರಾಂ ಓಡುವಾಗಲೇ ಒಂದು ಮಗು ಕ್ಲಾಸನ್ನು ಹುಟ್ಟಿಸುತ್ತದೆ. ಮಂಡಿಯಲ್ಲಿ ಅಪ್ಪನ ಬದಲು ಮಗ ಗಲ್ಲಾದಲ್ಲಿ ಕೂತಂತೆ. ಪ್ರೊಟೆಕ್ಟೆಡ್ ಎಂದರೆ ಒಳಕೋಣೆ, ಮನೆಯವರಿಗೆ ಮಾತ್ರ ಪ್ರವೇಶ. ಮಗ ಒಳಗೆ ಹೋಗಬಹುದು. ವರ್ಚುಯಲ್ ಎಂದರೆ ಇದನ್ನು ನಿನ್ನ ಥರ ಮಾಡಬಹುದು ಎಂದು ಅಪ್ಪ ಕೊಟ್ಟ ಅನುಮತಿ. ಆ ಅನುಮತಿ ಇಲ್ಲದ ಮೆಥಡ್ಡನ್ನು ಮೋಕ್ ಮುಟ್ಟಲಾರದು. ಜಾವಾದಲ್ಲಿ ಈ ಅನುಮತಿ ಹೆಚ್ಚೂಕಮ್ಮಿ ತಾನಾಗಿಯೇ ಇರುತ್ತದೆ, ಸಿ ಶಾರ್ಪ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ನಾನು ಎರಡು ಮೆಥಡ್‌ಗೂ ಕೊಟ್ಟಿದ್ದೆ. ಆದರೆ ಆ ಮಗನಿಗೆ ಹೇಳಿಕೊಟ್ಟಿದ್ದು ದರ ಒಂದನ್ನೇ. ಕಡಿತ ಎಷ್ಟು ಎಂದು ಕೇಳಿದಾಗ ಅಪ್ಪನನ್ನು ಕೇಳದೆ ಸೊನ್ನೆ ಎಂದುಬಿಟ್ಟ. ಏನೂ ಹೇಳಿಕೊಡದಿದ್ದರೆ ಮೋಕ್ ಸುಮ್ಮನೆ ಸೊನ್ನೆಯನ್ನೋ ನಲ್ಲನ್ನೋ ಕೊಡುತ್ತದೆ. ಗೊತ್ತಿಲ್ಲದ್ದನ್ನು ಅಪ್ಪನನ್ನೇ ಕೇಳು ಎನ್ನಬೇಕಾದರೆ ಕಾಲ್‌ಬೇಸ್ ಅನ್ನು ಟ್ರೂ ಮಾಡಬೇಕು.

ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಯೋಚಿಸಿದೆ. ಆಫೀಸಿನಲ್ಲಿ ನಾನು ಪ್ರೊಟೆಕ್ಟೆಡ್ ಮಾಕ್ ಬರೆಯುತ್ತಿದ್ದುದು ಒಂದೇ ಕಡೆ, ವೆಬ್ ಸರ್ವರ್ ಜೊತೆ ಮಾತಾಡುವ ಎಚ್‌ಟಿಟಿಪಿ ಕ್ಲೈಂಟ್ ಟೆಸ್ಟ್ ಮಾಡುವಾಗ. ಅದರ ಹಿಂದಿನ ಹ್ಯಾಂಡ್ಲರ್ ಕ್ಲಾಸಿನ ಸೆಂಡ್‌ಅಸಿಂಕ್ ಮೆಥಡ್ ಅಬ್‌ಸ್ಟ್ರಾಕ್ಟ್. ಅಂದರೆ ಅಪ್ಪನಿಗೇ ಉತ್ತರ ಗೊತ್ತಿಲ್ಲ. ಅಲ್ಲಿ ಕಾಲ್‌ಬೇಸ್ ಬೇಕಾಗಲೇ ಇಲ್ಲ. ಅದೇ ನಾಲ್ಕು ಸಾಲು ಕಾಪಿ ಮಾಡಿ ಇಲ್ಲಿಗೆ ತಂದಿದ್ದೆ.

ಈ ಸಲ ಮೊದಲು ಚಿಕ್ಕಪ್ಪನನ್ನೇ ಕೇಳಿದೆ. ಬಾಕ್ಸಿಗೆ ಬಾಡಿಗೆ 25, ಹಮಾಲಿ 10 ಎಂದಿಟ್ಟುಕೋ ಎಂದರು. ಬಾಯಲ್ಲೇ ಲೆಕ್ಕ ಹಾಕಿದರು, 22,600. ಟೆಸ್ಟಿನಲ್ಲಿ ಅದನ್ನು ಬರೆದು, ಕಾಲ್‌ಬೇಸ್ ಹಾಕಿ ಓಡಿಸಿದೆ. ಕೆಂಪು! ಬಂದ ಉತ್ತರ 22,990. ಹಮಾಲಿಯನ್ನು ಬಾಕ್ಸಿನ ಲೆಕ್ಕಕ್ಕೆ ಗುಣಿಸುವುದನ್ನೇ ಮರೆತಿದ್ದೆ. ಇಡೀ ಲೋಡಿಗೆ ಹತ್ತೇ ರೂಪಾಯಿ ಕಳೆದಿತ್ತು. ಹಸಿರು ಟಿಕ್ಕಿನ ಹಿಂದೆ ಬೆಳಗಿನಿಂದ ಇದೂ ಕೂತಿತ್ತು.

"ಹಮಾಲರು ನಿನ್ನನ್ನ ಇಲ್ಲೇ ಹಿಡ್ಕೊಳ್ತಿದ್ರು" ಎಂದು ಚಿಕ್ಕಪ್ಪ ನಕ್ಕರು.

ಅದನ್ನು ತಿದ್ದಿದ ಮೇಲೆ ಗೆಟ್‌ರೇಟ್ ಹೆಸರನ್ನು ಬದಲಿಸಿ ಗೆಟ್‌ಹರಾಜುರೇಟ್ ಎಂದು ಮಾಡಿದೆ. ಕಂಪೈಲ್ ಚೆನ್ನಾಗಿಯೇ ಆಯಿತು, ಟೆಸ್ಟ್ ಬಿದ್ದಿತು. ಸ್ಟ್ರಿಂಗ್ ಒಳಗೆ ಹಳೇ ಹೆಸರೇ ಉಳಿದಿತ್ತು. ಹೆಸರನ್ನು ಕಂಪೈಲರ್ ಪರೀಕ್ಷಿಸುವಂತೆ ಮಾಡುವ ನೇಮ್‌ಆಫ್ ಹಾಕೋಣ ಎಂದರೆ ಪ್ರೊಟೆಕ್ಟೆಡ್ ಹೆಸರು ಹೊರಗೆ ಕಾಣುವುದೇ ಇಲ್ಲ. ನನಗೆ ರೇಗಿತು. ಮೋಕ್ ತೆಗೆದುಹಾಕಿ, ಟೆಸ್ಟ್ ಫೈಲಿನಲ್ಲೇ ನಾನೇ ಒಂದು ಮಗು ಕ್ಲಾಸ್ ಬರೆದೆ. ಅದರಲ್ಲಿ ಓವರ್‌ರೈಡ್ ಮಾಡಿದ್ದು, ಅಂದರೆ ನನ್ನ ಥರ ಬದಲಿಸಿದ್ದು, ದರದ ಮೆಥಡ್ ಒಂದೇ. ನಾಲ್ಕೈದು ಸಾಲು. ಮುಟ್ಟದ ಮೆಥಡ್ ತಾನಾಗಿಯೇ ಅಪ್ಪನ ಹತ್ತಿರ ಹೋಗುತ್ತದೆ. ಹೆಸರು ಬದಲಾದರೆ ಕಂಪೈಲರ್ ಅಲ್ಲೇ ಬೈಯುತ್ತದೆ. ದರ ತರುವುದನ್ನು ಬೇರೆ ಕ್ಲಾಸು ಮಾಡಿ ಹೊರಗಿನಿಂದ ಕೊಡುವುದು ಇನ್ನೂ ಒಳ್ಳೆಯದು, ಗೊತ್ತು. ಆದರೆ ಆವತ್ತಿನ ಮಂಡಿ ಗಲಾಟೆಯಲ್ಲಿ ನನಗೆ ಇಷ್ಟೇ ಸಾಕಿತ್ತು.

22,600, ಹಸಿರು. ಚಿಕ್ಕಪ್ಪನನ್ನು ಮತ್ತೆ ಕರೆದೆ. ಈ ಸಲ ತುಂಬಾ ಹೊತ್ತು ನೋಡಿದರು. ಹೊರಗೆ ಜೋಡಿಸಿದ್ದ ಖಾಲಿ ಬಾಕ್ಸುಗಳ ಕಡೆ ತಿರುಗಿದರು.

"ಎಲ್ಲಾ ಸರಿಯಾಗಿದೆ. ಬಾಕ್ಸು ನಮ್ಮದೇ ಆದ್ರೆ ಅದಕ್ಕೂ ಬಾಡಿಗೆ ಹಿಡೀತೀವಲ್ಲ, ಅದೆಲ್ಲಿ ಬರುತ್ತಮ್ಮಾ?"

ಮುಚ್ಚಿದ್ದ ಲ್ಯಾಪ್‌ಟಾಪನ್ನು ಮತ್ತೆ ತೆಗೆದೆ.