ಅಬ್ಬಾ ಅವರ ಕುರ್ಚಿ, ನೆಲದ ಕಪ್ಪು ಗೆರೆ

ವಿಜಯಪುರದ ಜಾಮಿಯಾ ಮಸೀದಿಗೆ ಬಂದ ಪ್ರವಾಸಿಗರ ಕಣ್ಣು ಮೊದಲು ಹೋಗುವುದು ಮಿಹ್ರಾಬಿನ, ಅಂದರೆ ಮುಂದಿನ ಗೋಡೆಯ ಕಮಾನು ಗೂಡಿನ, ಚಿನ್ನದ ಕಡೆಗೆ. ಗೋಡೆಯಲ್ಲೇ ಗೂಡುಗಳನ್ನು ಬರೆದು, ಅವುಗಳಲ್ಲಿ ಪುಸ್ತಕ, ಹೂದಾನಿಗಳನ್ನು ಇಟ್ಟಂತೆ ಚಿತ್ರಿಸಿದ್ದಾರೆ. 1636ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, ಈ ಕೆಲಸ ಮುಗಿಸಿದ ಮಲಿಕ್ ಯಾಕೂತ್ ತನ್ನನ್ನು ಮಸೀದಿಯ ಸೇವಕ ಎಂದು ಕರೆದುಕೊಂಡಿದ್ದಾನೆ. ಅಲ್ಲೇ ಇರುವ ಇನ್ನೊಂದು ಸಾಲು ಬಾಳನ್ನು ನಂಬಬೇಡ, ಅದು ಗಳಿಗೆಯದು ಎನ್ನುತ್ತದೆ. ಅಷ್ಟು ಚಿನ್ನ ಬಳಿಸಿ ಅದರ ನಡುವೆಯೇ ಈ ಮಾತು ಬರೆಸಿದರಲ್ಲ, ಆ ಮನಸ್ಸಿನ ಬಗ್ಗೆ ನನಗೆ ಬಹಳ ಗೌರವ.

ಆದರೂ ನಮಾಜಿಗೆ ನಿಂತವರು ಆ ಚಿನ್ನವನ್ನು ನೋಡುವುದಿಲ್ಲ. ದೃಷ್ಟಿ ಸಜ್ದಾ ಮಾಡುವ, ಅಂದರೆ ಬಾಗಿ ಹಣೆ ನೆಲಕ್ಕಿಡುವ, ಜಾಗದ ಮೇಲಿರಬೇಕು. ಮಿಹ್ರಾಬಿನ ಒಳಗಾದರೂ ಏನಿದೆ? ಏನೂ ಇಲ್ಲ. ಮಕ್ಕಾದ ಕಾಬಾ ಯಾವ ಕಡೆಗಿದೆ ಎಂದು ತೋರಿಸಿ, ಇಮಾಮರ ದನಿಯನ್ನು ಹಿಂದಿನ ಸಾಲುಗಳಿಗೆ ಮರಳಿಸುವುದಷ್ಟೇ ಅದರ ಕೆಲಸ. ಮಸ್ಜಿದ್ ಎಂಬ ಮಾತಿಗೆ ಸಜ್ದಾ ಮಾಡುವ ಜಾಗ ಎಂದೇ ಅರ್ಥ. ಅಂದರೆ ಹೆಸರು ಬಂದಿರುವುದು ಗುಮ್ಮಟದಿಂದಲ್ಲ, ಮಿನಾರಿನಿಂದಲೂ ಅಲ್ಲ, ಹಣೆ ತಾಗುವ ನೆಲದಿಂದ. ಒಂದನೆಯ ಅಲಿ ಆದಿಲ್ ಶಾಹ ಕಟ್ಟಿಸಲು ತೊಡಗಿದ ಈ ಮಸೀದಿಯ ಮುಂಭಾಗದ ಎರಡು ಮಿನಾರುಗಳು ಪೂರ್ತಿಯಾಗಲೇ ಇಲ್ಲ. ಅದರಿಂದ ಯಾರ ನಮಾಜಿಗೂ ಕೊರತೆಯಾಗಿಲ್ಲ.

ನನಗೆ ಈ ಕಟ್ಟಡದ ಜೀವ ಕಾಣುವುದು ಆ ನೆಲದಲ್ಲೇ. ಕಪ್ಪು ಗೆರೆಗಳಲ್ಲಿ 2,250 ಮುಸಲ್ಲಾಗಳನ್ನು, ಅಂದರೆ ನಮಾಜಿಗೆ ನಿಲ್ಲುವ ಜಾಗಗಳನ್ನು, ಗುರುತಿಸಿದ್ದಾರೆ, ಔರಂಗಜೇಬನ ಕಾಲದ್ದಂತೆ. ಒಬ್ಬರಿಗೆ ಒಂದು ಚೌಕ. ಯಾವ ಚೌಕದ ಮೇಲೂ ಯಾರ ಹೆಸರೂ ಇಲ್ಲ. ಮೊದಲು ಬಂದವರು ಮುಂದೆ ನಿಲ್ಲುತ್ತಾರೆ, ಅಷ್ಟೆ. ಚಿಕ್ಕಂದಿನಲ್ಲಿ ಅಬ್ಬಾ ನನ್ನ ಭುಜ ಹಿಡಿದು, "ಹಿಮ್ಮಡಿ ಗೆರೆಗೆ ಸರಿಯಾಗಿರಲಿ, ಪಕ್ಕದವರ ಭುಜಕ್ಕೆ ಭುಜ ತಾಗಲಿ" ಎಂದು ನಿಲ್ಲಿಸುತ್ತಿದ್ದರು.

ಈಗ ಅವರಿಗೆ ಮೊಣಕಾಲು ಮಡಚಲು ಆಗುವುದಿಲ್ಲ. ಸಾಲಿನ ಕೊನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹಣೆ ನೆಲ ಮುಟ್ಟುವುದಿಲ್ಲ ಎಂಬ ಸಂಕಟ ಅವರಿಗೆ ಇದ್ದೇ ಇದೆ. ಕಳೆದ ಶುಕ್ರವಾರ ಕುರ್ಚಿಯ ಹಿಂದಿನ ಕಾಲುಗಳು ಗೆರೆ ದಾಟಿ ಹಿಂದಿನವರ ಚೌಕದೊಳಗೆ ಹೋಗಿದ್ದವು. ನಮಾಜು ಶುರುವಾಗುವ ಮುನ್ನ ಕೂಗುವ ಇಖಾಮತ್ ಶುರುವಾಗಿತ್ತು. ಅಬ್ಬಾ ನನ್ನ ಕೈ ಊರಿ ಎದ್ದು, ಬಗ್ಗಿ ನೋಡಿ, ಕುರ್ಚಿಯನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಎಳೆದುಕೊಂಡು ಮತ್ತೆ ಕುಳಿತರು.