ಪುಟ್ಟ ಕಳ್ಳಿಗಳ ಚಳಿ ತಾಳಿಕೆ: ಪುಸ್ತಕದಲ್ಲಿ ಯಾವ ಸಾಲನ್ನು ಓದಬೇಕು

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರಿಗೆ ಬಂದ ಎರಡನೆಯ ವರ್ಷ ನಾನು ರೆಬೂಟಿಯ ಎಂಬ ಪುಟ್ಟ ಕಳ್ಳಿಯ ಆರು ಗಿಡಗಳನ್ನು ಒಂದೇ ವಾರದಲ್ಲಿ ಕಳೆದುಕೊಂಡೆ. ನನ್ನ ಬಳಿಯಿದ್ದ ಕೈಪಿಡಿಯೊಂದು ಅವು ಮೈನಸ್ 10 ಡಿಗ್ರಿ ಸೆಲ್ಸಿಯಸ್‌ವರೆಗೂ ತಾಳುತ್ತವೆ ಎಂದು ಒಂದೇ ಸಾಲಿನಲ್ಲಿ ಹೇಳಿತ್ತು. ನವೆಂಬರಿನ ಆ ರಾತ್ರಿಗಳಲ್ಲಿ ಪಾದರಸ ಮೈನಸ್ 8ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಆದರೂ ಬಿಸಿಲು ಬಂದು ಹಿಮ ಕರಗಿದ ಮೇಲೆ ನೋಡಿದರೆ ಹಸಿರು ಮೈ ಗಾಜಿನಂತೆ ಪಾರದರ್ಶಕವಾಗಿತ್ತು. ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಚರ್ಮ ಒಳಗೆ ಕುಸಿದು, ಮುಳ್ಳುಗಳ ಬುಡದಿಂದ ನೀರು ಜಿನುಗಿತು. ಅಂದಿನಿಂದ ಪುಸ್ತಕಗಳಲ್ಲಿ ಕೊಟ್ಟಿರುವ ಡಿಗ್ರಿಯ ಅಂಕಿಯನ್ನು ನಾನು ಕೊನೆಯಲ್ಲಿ ಓದುತ್ತೇನೆ. ಗಿಡ ಹುಟ್ಟಿ ಬೆಳೆದ ಊರು, ಎತ್ತರ, ಮಳೆಯ ಕಾಲ ಇವುಗಳನ್ನು ಮೊದಲು ಓದುತ್ತೇನೆ.

ರೆಬೂಟಿಯಗಳು ಬೊಲಿವಿಯ ಮತ್ತು ವಾಯವ್ಯ ಅರ್ಜೆಂಟೀನದ ಆಂಡಿಸ್ ಇಳಿಜಾರುಗಳ ಗಿಡಗಳು. ಅಲ್ಲಿ ಮಳೆ ಬೇಸಿಗೆಯಲ್ಲಿ ಸುರಿಯುತ್ತದೆ, ಚಳಿಗಾಲ ಒಣಗಿರುತ್ತದೆ. ರಾತ್ರಿ ನೀರು ಹೆಪ್ಪುಗಟ್ಟಿದರೂ ಮರುದಿನದ ತೀಕ್ಷ್ಣ ಬಿಸಿಲಿಗೆ ಬಂಡೆಗಳು ಮತ್ತೆ ಕಾಯುತ್ತವೆ. ಡೆನ್ವರಿನಲ್ಲಿಯಾದರೆ ಮೂರು ನಾಲ್ಕು ದಿನ ಬಿಡದೆ ಸೊನ್ನೆಗಿಂತ ಕೆಳಗೇ ಉಳಿಯುವ ಚಳಿಯೂ ಬರುತ್ತದೆ. ಎರಡೂ ಕಡೆ ಉಷ್ಣಮಾಪಕ ಒಂದೇ ಅಂಕಿಯನ್ನು ತೋರಿಸಬಹುದು, ಆದರೆ ಗಿಡ ಅನುಭವಿಸುವ ಚಳಿ ಒಂದೇ ಅಲ್ಲ. ಸಾಲದ್ದಕ್ಕೆ ಅಕ್ಟೋಬರ್ ಕೊನೆಯಲ್ಲಿ ನಾನು ಅವಕ್ಕೆ ಚೆನ್ನಾಗಿ ನೀರು ಹಾಕಿದ್ದೆ, ಅದೇ ದೊಡ್ಡ ತಪ್ಪು.

ಏಕೆ ತಪ್ಪೆಂಬುದು ನನಗೆ ಸ್ಪಷ್ಟವಾದದ್ದು ಆರ್ಥರ್ ಗಿಬ್ಸನ್ ಮತ್ತು ಪಾರ್ಕ್ ನೊಬೆಲ್ ಬರೆದ 'ದಿ ಕ್ಯಾಕ್ಟಸ್ ಪ್ರೈಮರ್' (1986) ಓದಿದ ಮೇಲೆ, ಮತ್ತು ಅಲ್ಲಿಂದ ನೊಬೆಲ್ ಅವರ ಇತರ ಬರಹಗಳಿಗೆ ಹೋದ ಮೇಲೆ. ಚಳಿ ನಿಧಾನವಾಗಿ ಏರುತ್ತಾ ಬಂದರೆ ಕಳ್ಳಿ ತನ್ನ ಮೈಯ ನೀರನ್ನು ಕಡಿಮೆ ಮಾಡಿಕೊಳ್ಳುತ್ತದೆ, ಜೀವಕೋಶಗಳ ರಸ ಸಾಂದ್ರವಾಗುತ್ತದೆ. ಹೆಪ್ಪುಗಟ್ಟುವಿಕೆ ಮೊದಲು ಶುರುವಾಗುವುದು ಕೋಶಗಳ ಹೊರಗಿನ ಸಂದುಗಳಲ್ಲಿ. ಅಷ್ಟಕ್ಕೇ ನಿಂತರೆ ಗಿಡ ಉಳಿಯುತ್ತದೆ, ಕೋಶದೊಳಗೆ ಮಂಜುಗಡ್ಡೆ ಹರಳುಗಟ್ಟಿದರೆ ಸಾಯುತ್ತದೆ. ನನ್ನ ಅಂಗಳದ ಪೀಡಿಯೊಕ್ಯಾಕ್ಟಸ್ ಸಿಂಪ್ಸೋನಿಯೈ, ಇದೇ ಕೊಲರಾಡೊ ಬೆಟ್ಟಗಳ ಗಿಡ, ಆಗಸ್ಟಿನಲ್ಲಿ ಕಿತ್ತಳೆಯಷ್ಟು ದುಂಡಗಿದ್ದದ್ದು ಡಿಸೆಂಬರಿನಲ್ಲಿ ಸುಕ್ಕುಗಟ್ಟಿ, ನೆತ್ತಿ ಚಪ್ಪಟೆಯಾಗಿ, ಜಲ್ಲಿಯ ಮಟ್ಟಕ್ಕೆ ಇಳಿದುಬಿಡುತ್ತದೆ. ಮೊದಲ ಸಲ ನೋಡಿದವರು ಸತ್ತೇ ಹೋಯಿತೆಂದು ಭಾವಿಸಿ ನೀರು ಹಾಕಲು ಹೋಗುತ್ತಾರೆ. ದಯವಿಟ್ಟು ಹಾಕಬೇಡಿ, ಆ ಸುಕ್ಕೇ ಅದರ ರಕ್ಷಣೆ.

ಸಂಗ್ರಹಕಾರರು ಯಾವ ಪುಸ್ತಕ ಕೊಳ್ಳಬೇಕೆಂದು ಕೇಳಿದಾಗಲೆಲ್ಲ ನಾನು ಮೊದಲು ಹೇಳುವ ಹೆಸರು ಲೈಮನ್ ಬೆನ್ಸನ್ ಅವರ 'ದಿ ಕ್ಯಾಕ್ಟೈ ಆಫ್ ದಿ ಯುನೈಟೆಡ್ ಸ್ಟೇಟ್ಸ್ ಅಂಡ್ ಕೆನಡ' (1982). ಸಾವಿರ ಪುಟ ಮೀರಿದ ಈ ಗ್ರಂಥದ ವರ್ಗೀಕರಣವನ್ನು ಇಂದು ಅನೇಕರು ಒಪ್ಪುವುದಿಲ್ಲ, ಆದರೆ ಗಿಡ ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ನೆಲದಲ್ಲಿ ಬೆಳೆಯುತ್ತದೆ ಎಂಬುದನ್ನು ನಕ್ಷೆಗಳ ಸಹಿತ ಅದು ಹೇಳುವ ಕಾಳಜಿಗೆ ನಾನು ಪ್ರತಿ ಚಳಿಗಾಲದಲ್ಲೂ ಋಣಿ. ಬ್ರಿಟನ್ ಮತ್ತು ರೋಸ್ ಅವರ 'ದಿ ಕ್ಯಾಕ್ಟೇಸಿ'ಯ ನಾಲ್ಕು ಸಂಪುಟಗಳು (1919-1923) ಹಳೆಯವಾದರೂ ಮೇರಿ ಈಟನ್ ಬರೆದ ವರ್ಣಚಿತ್ರಗಳಿಗಾಗಿಯೇ ನೋಡತಕ್ಕವು, ಈಗ ಉಚಿತವಾಗಿ ಓದಲೂ ಸಿಗುತ್ತವೆ. ಎಡ್ವರ್ಡ್ ಆಂಡರ್ಸನ್ ಅವರ 'ದಿ ಕ್ಯಾಕ್ಟಸ್ ಫ್ಯಾಮಿಲಿ' (2001) ಒಂದೇ ಸಂಪುಟದಲ್ಲಿ ಇಡೀ ಕಳ್ಳಿ ಕುಟುಂಬವನ್ನು ಹಿಡಿದಿಡುತ್ತದೆ. ಹೆಸರು ಮತ್ತು ಚಿತ್ರ ಹೋಲಿಸಲು ಡೇವಿಡ್ ಹಂಟ್ ಅವರ 'ದಿ ನ್ಯೂ ಕ್ಯಾಕ್ಟಸ್ ಲೆಕ್ಸಿಕನ್' (2006) ಬೇಕು.

ಹೆಸರು ಹೋಲಿಸುವುದು ಪಂಡಿತರ ಕೆಲಸವೆಂದು ಬಿಡುವಂತಿಲ್ಲ. ಸಸ್ಯಶಾಸ್ತ್ರಜ್ಞ ಥಾಮಸ್ ನಟಾಲ್ 1813ರಲ್ಲಿ ಕ್ಯಾಕ್ಟಸ್ ಎಂದು ಹೆಸರಿಸಿದ ವಿವಿಪಾರ ಎಂಬ ಪುಟ್ಟ ಕಳ್ಳಿ ಮುಂದೆ ಮಾಮಿಲೇರಿಯ, ಕೊರಿಫಾಂತ, ಎಸ್ಕೊಬೇರಿಯ ಆಗಿ, ಈಚೆಗೆ ಪೆಲೆಸಿಫೋರ ಎಂದೂ ಕರೆಸಿಕೊಂಡಿದೆ. ಈ ಐದು ಹೆಸರೂ ಒಂದೇ ಗಿಡದವು ಎಂದು ತಿಳಿಯದವರು ಹಳೆಯ ಪುಸ್ತಕದ ಅಮೂಲ್ಯ ವಿವರವನ್ನು ದಾಟಿ ಹೋಗುತ್ತಾರೆ. ಈ ಗಿಡ ಕೆನಡಾದ ಹುಲ್ಲುಗಾವಲಿನಿಂದ ಮೆಕ್ಸಿಕೊದ ಉತ್ತರ ಭಾಗದವರೆಗೆ ಹರಡಿದೆ. ಆಲ್ಬರ್ಟದ ಬೀಜದಿಂದ ಬೆಳೆದ ಗಿಡಕ್ಕೂ ಅರಿಜೋನದ ಮರುಭೂಮಿಯ ಬೀಜದಿಂದ ಬೆಳೆದ ಗಿಡಕ್ಕೂ ಒಂದೇ ಚಳಿಯ ಅಂಕಿ ಬರೆದರೆ ಅದಕ್ಕೆ ಅರ್ಥವಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಚಳಿ ವಲಯಗಳ ನಕ್ಷೆಗೂ ಇದೇ ಮಿತಿಯಿದೆ. ವರ್ಷದ ಅತಿ ಕನಿಷ್ಠ ಉಷ್ಣಾಂಶದ ಸರಾಸರಿಯನ್ನು 10 ಡಿಗ್ರಿ ಫ್ಯಾರನ್‌ಹೀಟ್‌ಗೊಂದರಂತೆ 13 ವಲಯಗಳಾಗಿ ಅದು ವಿಂಗಡಿಸುತ್ತದೆ. ಒದ್ದೆಯ ಲೆಕ್ಕ ಅದರಲ್ಲಿಲ್ಲ. ಚಳಿ ವಲಯದ ಲೆಕ್ಕದಲ್ಲಿ ಡೆನ್ವರ್ ಮತ್ತು ಶಿಕಾಗೊ ನೆರೆಹೊರೆ ಎನ್ನುವಷ್ಟು ಹತ್ತಿರ, ಆದರೆ ಮಳೆ ಹಿಮ ಎಲ್ಲ ಸೇರಿ ಶಿಕಾಗೊದಲ್ಲಿ ಬೀಳುವ ನೀರು ಇಲ್ಲಿಯದರ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿ ಬೆಳೆಸುವ ಗೆಳೆಯರೊಬ್ಬರು ನವೆಂಬರಿನಿಂದ ಮಾರ್ಚ್‌ವರೆಗೆ ಪಾತಿಯ ಮೇಲೆ ಗಾಜಿನ ಹಾಳೆ ಹೊದಿಸಿ, ಗಾಳಿಯಾಡಲು ನಾಲ್ಕೂ ಬದಿ ಬಿಡುತ್ತಾರೆ. ಅವರ ಗಿಡಗಳಿಗೆ ಚಳಿ ತಪ್ಪುವುದಿಲ್ಲ, ನೀರು ತಪ್ಪುತ್ತದೆ, ಅಷ್ಟರಿಂದಲೇ ಅವು ಬದುಕುತ್ತವೆ.

ಈಗ ನನ್ನ ಪ್ರತಿ ಕುಂಡದ ಚೀಟಿಯಲ್ಲಿ ಹೆಸರಿನ ಕೆಳಗೆ ಬೀಜದ ಮೂಲ ಊರು, ಎತ್ತರ, ಕೊನೆಯ ನೀರು ಹಾಕಿದ ದಿನಾಂಕ ಇರುತ್ತವೆ. ಸೆಪ್ಟೆಂಬರ್ 15ರ ನಂತರದ ದಿನಾಂಕ ಯಾವ ಚೀಟಿಯಲ್ಲೂ ಇಲ್ಲ.