ಮಟ್ಟಾಂಚೇರಿ ಸಿನಗಾಗ್ 1:24 ಮಾಡೆಲ್: ಕೊನೆಗೂ ಕಟಕಟೆ ನಿಂತ್ಕೊಂತು

ನಿಂತ್ಕೊಂತು ಕಣ್ರಪ್ಪಾ! ಕೊಚ್ಚಿ ಮಟ್ಟಾಂಚೇರಿಯ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮಾಡೆಲ್‌ನ ನೆಲ ಮುಗಿದು ಯಾವ ಕಾಲ ಆಯ್ತು (ಅಸಲಿ ಟೈಲ್ಸು 18ನೇ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಬಂದದ್ದು, ನೀಲಿ-ಬಿಳಿ, ಕೈಯಲ್ಲೇ ಬರೆದದ್ದು, ಹಾಗಾಗಿ ಡೀಕಾಲ್‌ನಲ್ಲಿ (ಅಂಟಿಸೋ ಚಿತ್ರದ ಹಾಳೆ) ಒಂದೇ ಡಿಸೈನ್ ರಿಪೀಟ್ ಹೊಡೆಯೋ ಹಾಗಿಲ್ಲ, ಆ ಗೋಳು ಬೇಡ ಬಿಡಿ). ತೋರಾ (ಯಹೂದಿಗಳ ಧರ್ಮಗ್ರಂಥ) ಸುರುಳಿ ಇಡೋ ಹೇಖಾಲ್ ಕಪಾಟು ಕೂಡ ಪಶ್ಚಿಮದ ಗೋಡೆಗೆ ಕೂತಾಯ್ತು, ಕೊಚ್ಚಿಯಿಂದ ಜೆರುಸಲೇಮ್ ಆ ಕಡೆಗೇ ಅಲ್ವಾ.

ಪ್ರಾಣ ತಿಂದಿದ್ದು ನಟ್ಟನಡುವೆ ಇರೋ ತೆಬಾ. ಪ್ರಾರ್ಥನೆ ನಡೆಸೋರು ನಿಲ್ಲೋ ಕಟ್ಟೆ ಅದು, ಸುತ್ತ ಬಾಗಿರೋ ಹಿತ್ತಾಳೆ ಕಟಕಟೆ. ಒಂದು ಕಂಬಿಗೆ ಬೆಸುಗೆ ಹಾಕಿದ್ರೆ ಪಕ್ಕದ್ದು ಕರಗಿ ಬಿತ್ತು, ಅದನ್ನ ನಿಲ್ಲಿಸಿದ್ರೆ ಮೊದಲನೇದು ವಾಲಿತು. ಒದ್ದೆ ಟಿಶ್ಯೂ ಸುತ್ತಿ ನೋಡಿದೆ, ಕ್ಲಿಪ್ ಹಾಕಿ ನೋಡಿದೆ, ಬಾಲ್ಸಾ ಮರದಲ್ಲಿ ಜಿಗ್ (ಕಂಬಿ ಹಿಡಿದಿಡೋ ಅಚ್ಚು) ಮಾಡಿದ್ರೆ ಮನೆಯೆಲ್ಲಾ ಹೊಗೆ. ಇದರ ಮಧ್ಯೆ ಆನ್‌ಲೈನ್‌ನವನು 1 ಎಂಎಂ ರಾಡ್ ಅಂತ ಕಳಿಸಿದ್ದು ಅಳೆದ್ರೆ 1.2, ಅದೂ ಬಿಲ್ಲಿನ ಥರ ಬಗ್ಗಿಸಿ ಪ್ಯಾಕ್ ಮಾಡಿದಾನೆ ಪುಣ್ಯಾತ್ಮ, ಕೇಳಿದ್ರೆ "ಸರ್ ಹ್ಯಾಂಡ್‌ಮೇಡ್ ಕ್ವಾಲಿಟಿ" ಅಂತೆ.

ದಾರಿ ತೋರಿಸಿದ್ದು ಬಳಪದ ಕಲ್ಲು. ಸುಡಲ್ಲ, ಮಾಮೂಲಿ ಡ್ರಿಲ್ ಬಿಟ್‌ಗೇ ತೂತು ಬೀಳುತ್ತೆ. ಕಂಬಿಗಳನ್ನೆಲ್ಲಾ ತೂತಲ್ಲಿ ನಿಲ್ಲಿಸಿ, ಮೇಲಿನ ಪಟ್ಟಿ ಕೂರಿಸಿ, ಪ್ರತಿ ಜಾಯಿಂಟ್‌ಗೂ ಚೂರು ಸೋಲ್ಡರ್ ಪೇಸ್ಟ್. ಆದ್ರೆ ಸೋಲ್ಡರಿಂಗ್ ಐರನ್ ಇಟ್ರೆ ಕಲ್ಲೇ ಬಿಸಿಯನ್ನೆಲ್ಲಾ ನುಂಗಿಬಿಡ್ತು. ಸರಿ, ಕಲ್ಲನ್ನೇ ಹಳೇ ತವಾ ಮೇಲಿಟ್ಟು ಸಣ್ಣ ಉರೀಲಿ ನಿಧಾನಕ್ಕೆ ಕಾಯಿಸಿದೆ, 63/37 (ತವರ-ಸೀಸ) ಪೇಸ್ಟು ಕರಗೋದು 183 ಡಿಗ್ರಿಗೆ, ಕಲ್ಲು ಅದರ ಹತ್ರ ಬಂದ ಮೇಲೆ ಮೇಲಿಂದ ಹಾಟ್ ಏರ್ ಬಿಟ್ಟೆ ನೋಡಿ, ಎಲ್ಲಾ ಜಾಯಿಂಟೂ ಒಟ್ಟಿಗೇ ಮಿಂಚಿ ಕೂತ್ಕೊಂಡ್ವು! ಬಿಡಿಬಿಡಿಯಾಗಿ ಬೆಸೆಯೋ ಸಹವಾಸವೇ ಬೇಡ. ತವಾ ಮಾತ್ರ ಇನ್ನು ಅಡುಗೆಗೆ ಬರಲ್ಲ, ಮನೇಲಿ ಅದರ ವಿಚಾರಣೆ ನಡೀತಿದೆ.

ಖುಷಿ ಪಡೋಣ ಅಂದ್ರೆ ಕೇರಳದ ಸಿನಗಾಗ್‌ಗಳಲ್ಲಿ ಮಹಡಿ ಮೇಲೆ ಇನ್ನೊಂದು ತೆಬಾ ಇರುತ್ತಲ್ಲ, ಸಬ್ಬತ್ (ಯಹೂದಿಗಳ ಶನಿವಾರದ ವಿಶ್ರಾಂತಿ) ದಿನ, ಹಬ್ಬಗಳಲ್ಲಿ ತೋರಾ ಓದೋಕೆ. ಅದು ಬಾಕಿ. ನನ್ನ ತಲೆ ಆಗ್ಲೇ ಕಡವುಂಭಾಗಂ ಸಿನಗಾಗ್ ಕಡೆ ಓಡ್ತಿದೆ, ಅದೂ ಮಟ್ಟಾಂಚೇರೀದೇ, ಒಳಾಂಗಣ ಬಿಚ್ಚಿ ಜೆರುಸಲೇಮ್‌ನ ಇಸ್ರೇಲ್ ಮ್ಯೂಸಿಯಂಗೆ ಸಾಗಿಸಿ ಅಲ್ಲಿ ಮತ್ತೆ ಜೋಡಿಸಿದಾರೆ. ಆ ಕೆತ್ತನೆ ಮರದ ಸೀಲಿಂಗ್ ನೋಡಿ ಒಮ್ಮೆ! ಮಾಡಿದ್ರೆ ಹಾಗೇ ಬಿಚ್ಚಿ ಜೋಡಿಸೋ ಥರಾನೇ ಮಾಡ್ಬೇಕು.

ಅದಕ್ಕಿಂತ ಮುಂಚೆ ಇಲ್ಲಿನ ಗಾಜಿನ ಶಾಂಡೆಲಿಯರ್‌ಗಳು. 2 ಎಂಎಂ ಮಣಿ, ತೂತು ನಡುವಲ್ಲೇ ಇರೋದು, ಯಾರ ಹತ್ರ ಸಿಗುತ್ತೆ ಹೇಳ್ರಪ್ಪಾ.